ಲ್ಯಾಟಿನೊ ಸಮುದಾಯದ ಸಂಸ್ಥೆಗಳಿಗೆ ಅನುದಾನ: ಅರ್ಜಿಗೆ ಮುಂಚಿನ ಕೆಲಸ, ಅರ್ಜಿಯೊಳಗಿನ ಲೆಕ್ಕ

(ಕ್ಯಾಲಿಫೋರ್ನಿಯಾದ ಸ್ಥಳೀಯ ಸೇವಾ ಸಂಸ್ಥೆಗಳಲ್ಲಿ ಬೋರ್ಡ್ ಸದಸ್ಯರಾಗಿ, ಸ್ವಯಂಸೇವಕರಾಗಿ ದುಡಿಯುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಬಹಳಷ್ಟು ಜನ ವಾರವಿಡೀ ಸಾಫ್ಟ್‌ವೇರ್, ಬ್ಯಾಂಕು, ಆಡಿಟ್ ಕೆಲಸದಲ್ಲಿದ್ದು, ಶನಿವಾರ ಭಾನುವಾರ ಫುಡ್ ಬ್ಯಾಂಕಿಗೋ ಮಕ್ಕಳ ಪಾಠದ ತರಗತಿಗೋ ಹೋಗುವವರು. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕೆಲಸಕ್ಕೆ ಕೈ ಹಾಕಿದವರಿಗೆ ಲ್ಯಾಟಿನೊ, ಅಂದರೆ ಮೆಕ್ಸಿಕೊ ಮುಂತಾದ ಲ್ಯಾಟಿನ್ ಅಮೆರಿಕ ದೇಶಗಳ ಮೂಲದ, ಕುಟುಂಬಗಳ ಒಡನಾಟ ಆಗಿಯೇ ಆಗುತ್ತದೆ. 2020ರ ಜನಗಣತಿಯ ಪ್ರಕಾರ ಈ ರಾಜ್ಯದ ಜನಸಂಖ್ಯೆಯಲ್ಲಿ ಶೇ. 39ಕ್ಕೂ ಹೆಚ್ಚು ಮಂದಿ ಲ್ಯಾಟಿನೊಗಳು. ಇಡೀ ದೇಶದಲ್ಲಿ 6.21 ಕೋಟಿ, ಅಂದರೆ ಶೇ. 18.7. ಆದರೆ ಅಮೆರಿಕದ ಪ್ರತಿಷ್ಠಾನಗಳು ಹಂಚುವ ಹಣದಲ್ಲಿ ಲ್ಯಾಟಿನೊ ಸಮುದಾಯಕ್ಕೆಂದೇ ಗುರುತಿಸಿ ಕೊಡುವ ಪಾಲು ಶೇ. 1ರ ಆಸುಪಾಸಿನಲ್ಲೇ ಇದೆ. ‘ಹಿಸ್ಪ್ಯಾನಿಕ್ಸ್ ಇನ್ ಫಿಲಾಂತ್ರಪಿ’ ಮತ್ತು ‘ಕ್ಯಾಂಡಿಡ್’ ಸಂಸ್ಥೆಗಳು ಸೇರಿ ಹಾಕಿದ ಲೆಕ್ಕ ಇದು.

ಈ ಅಂತರಕ್ಕೆ ದಾನಿಗಳ ಅಸಡ್ಡೆ ಒಂದು ಕಾರಣ, ನಿಜ. ನಾವು ಇವತ್ತು ಮಾತಾಡಬೇಕಿರುವುದು ನಮ್ಮ ಕೈಯಲ್ಲಿರುವ ಇನ್ನೊಂದು ಕಾರಣದ ಬಗ್ಗೆ. ಸಣ್ಣ ಸಂಸ್ಥೆಯ ಕೆಲಸ ಚೆನ್ನಾಗಿರುತ್ತದೆ. ಅರ್ಜಿ ಬೀಳುವುದು ನೋಂದಣಿ ತಪ್ಪಿದ್ದರಿಂದ, ಬಜೆಟ್ ಅರ್ಧಕ್ಕೆ ಇಳಿಸಿ ಬರೆದಿದ್ದರಿಂದ, ಮೂರು ತಿಂಗಳ ಸಂಬಳಕ್ಕೆ ಕೈಯಲ್ಲಿ ಕಾಸಿಲ್ಲದ್ದರಿಂದ. ಈ ಮೂರನ್ನೂ ಸರಿಪಡಿಸಬಲ್ಲ ವಿದ್ಯೆ ಈ ಸಭೆಯಲ್ಲಿ ಬೇಕಾದಷ್ಟಿದೆ. ಆಹಾರದ ಪೊಟ್ಟಣ ಕಟ್ಟಲು ಬೇರೆಯವರೂ ಸಿಗುತ್ತಾರೆ. ಬಜೆಟ್ ಹಾಕಿಕೊಡುವವರು, ಲೆಕ್ಕ ಒಪ್ಪ ಮಾಡಿಕೊಡುವವರು ಸಿಗುವುದು ಕಷ್ಟ.

ಅನುದಾನದಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಸಾಕು. 1968ರಲ್ಲಿ ಫೋರ್ಡ್ ಪ್ರತಿಷ್ಠಾನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಶುರುವಾದ ಮ್ಯಾಲ್ಡೆಫ್ ಎಂಬ ಕಾನೂನು ಸಂಸ್ಥೆಗೆ 22 ಲಕ್ಷ ಡಾಲರ್ ಕೊಟ್ಟಿತು. ಮೆಕ್ಸಿಕನ್ ಅಮೆರಿಕನ್ನರ ಶಾಲೆ, ಮತದಾನ, ಉದ್ಯೋಗದ ಹಕ್ಕುಗಳ ಮೊಕದ್ದಮೆಗಳನ್ನು ಐವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಸಿಕೊಂಡು ಬಂದ ಸಂಸ್ಥೆ ಅದು. ಇಂದು ಯುನಿಡೋಸ್‌ಯುಎಸ್ ಎಂದು ಕರೆಸಿಕೊಳ್ಳುವ ಸಂಘಟನೆ ಹುಟ್ಟಿದ್ದೂ ಅದೇ ವರ್ಷ, ಅರಿಜೋನಾದಲ್ಲಿ. ಒಂದು ಕಾರ್ಯಕ್ರಮಕ್ಕೆ ಮಾತ್ರವಲ್ಲದೆ, ಸಂಸ್ಥೆ ಕಾಲೂರಿ ನಿಲ್ಲುವುದಕ್ಕೇ ಹಣ ಸಿಕ್ಕಿದ್ದರಿಂದ ಅವು ಉಳಿದವು.

ಭಾರತದಿಂದ ಬಂದವರಿಗೆ ಒಂದು ಗೊಂದಲ ಇರುತ್ತದೆ, ಅದನ್ನು ಮೊದಲೇ ಬಿಡಿಸಿಬಿಡೋಣ. ನಮ್ಮಲ್ಲಿ ನಿಗದಿತ ಗಾತ್ರ ಮೀರಿದ ಕಂಪನಿಗಳು ಲಾಭದ ಶೇ. 2ನ್ನು ಸಿಎಸ್‌ಆರ್‌ಗೆ ವ್ಯಯಿಸಬೇಕು ಎಂಬ ಕಾನೂನಿದೆ. ಅಮೆರಿಕದಲ್ಲಿ ಕಂಪನಿಗಳಿಗೆ ಅಂಥ ಕಟ್ಟುಪಾಡಿಲ್ಲ. ಇಲ್ಲಿ ಕಟ್ಟುಪಾಡಿರುವುದು ಖಾಸಗಿ ಪ್ರತಿಷ್ಠಾನಗಳಿಗೆ: ತಮ್ಮ ಹೂಡಿಕೆಯ ಆಸ್ತಿಯಲ್ಲಿ ಸುಮಾರು ಶೇ. 5ರಷ್ಟನ್ನು ಪ್ರತಿವರ್ಷ ಹಂಚಲೇಬೇಕು. ಯಾರಿಗೆ ಎಷ್ಟು ಕೊಟ್ಟೆವು ಎಂಬುದನ್ನು 990-ಪಿಎಫ್ ಎಂಬ ತೆರಿಗೆ ಪತ್ರದಲ್ಲಿ ಬರೆಯಲೇಬೇಕು, ಆ ಪತ್ರ ಸಾರ್ವಜನಿಕ. ಇದು ನಮಗೆ ಬಲು ಉಪಯೋಗದ ದಾಖಲೆ. ಮುಂದೆ ಮತ್ತೆ ಇದಕ್ಕೆ ಬರುತ್ತೇವೆ.

ಕಾಗದಪತ್ರ

ತೆರಿಗೆ ವಿನಾಯಿತಿಯ 501(ಸಿ)(3) ಮಾನ್ಯತೆಗೆ ಎರಡು ದಾರಿ. ವರ್ಷದ ಆದಾಯ 50,000 ಡಾಲರ್ ಮೀರುವುದಿಲ್ಲ, ಆಸ್ತಿ 2,50,000 ಡಾಲರ್ ಒಳಗಿದೆ ಅನ್ನುವವರು ಚಿಕ್ಕ ಅರ್ಜಿ ಹಾಕಬಹುದು: ಫಾರ್ಮ್ 1023-ಇಜೆಡ್, ಶುಲ್ಕ 275 ಡಾಲರ್. ಉಳಿದವರಿಗೆ ಪೂರ್ಣ ಫಾರ್ಮ್ 1023, ಶುಲ್ಕ 600 ಡಾಲರ್. ಚಿಕ್ಕ ಅರ್ಜಿಗೆ ಅರ್ಹತೆ ಇದ್ದರೂ, ದೊಡ್ಡ ಅನುದಾನಗಳ ಮೇಲೆ ಕಣ್ಣಿದ್ದರೆ ಪೂರ್ಣ ಅರ್ಜಿಯೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಅದನ್ನು ತುಂಬುವಾಗ ಮೂರು ವರ್ಷದ ಬಜೆಟ್, ಕಾರ್ಯಕ್ರಮದ ವಿವರ, ಹಿತಾಸಕ್ತಿ ಸಂಘರ್ಷದ ನಿಯಮ ಎಲ್ಲವನ್ನೂ ಕೂತು ಬರೆಯಬೇಕಾಗುತ್ತದೆ. ನಾಳೆ ಅನುದಾನದ ಅರ್ಜಿಯಲ್ಲಿ ಕೇಳುವುದೂ ಇವನ್ನೇ.

ಮಾನ್ಯತೆ ಸಿಕ್ಕ ಮೇಲೆ ಅದನ್ನು ಕಳೆದುಕೊಳ್ಳುವುದು ಬಹಳ ಸುಲಭ. ಆದಾಯ 50,000 ಡಾಲರ್ ಒಳಗಿರುವ ಸಂಸ್ಥೆ ಪ್ರತಿವರ್ಷ 990-ಎನ್ ಎಂಬ ನಾಲ್ಕು ಸಾಲಿನ ಮಿನ್ನೋಲೆ ಕಳಿಸಬೇಕು. ಜನವರಿಯಿಂದ ಡಿಸೆಂಬರ್ ಲೆಕ್ಕವರ್ಷ ಇಟ್ಟುಕೊಂಡವರಿಗೆ ಮೇ 15 ಕೊನೆಯ ದಿನ. ಹತ್ತು ನಿಮಿಷದ ಕೆಲಸ. ಸತತ ಮೂರು ವರ್ಷ ಕಳಿಸದಿದ್ದರೆ ಮಾನ್ಯತೆ ತಾನಾಗಿಯೇ ರದ್ದು. ಮೇಲ್ಮನವಿ ಇಲ್ಲ, ಮತ್ತೆ ಅರ್ಜಿ, ಮತ್ತೆ ಶುಲ್ಕ. ಖಜಾಂಚಿ ಊರು ಬದಲಿಸಿದ, ಹೊಸಬರಿಗೆ ಹೇಳಿರಲಿಲ್ಲ ಎಂಬಷ್ಟಕ್ಕೇ ಇದು ಆಗಿಬಿಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದರ ಜೊತೆಗೆ ಇನ್ನೂ ಮೂರು ಕಡೆ ಹಾಜರಿ ಹಾಕಬೇಕು. ರಾಜ್ಯದ ತೆರಿಗೆ ಕಚೇರಿಯಾದ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡಿಗೆ ವಾರ್ಷಿಕ ವಿವರ, ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಎರಡು ವರ್ಷಕ್ಕೊಮ್ಮೆ ಪದಾಧಿಕಾರಿಗಳ ವಿವರ, ಅಟಾರ್ನಿ ಜನರಲ್ ಕಚೇರಿಯ ದತ್ತಿ ನೋಂದಣಿ ವಿಭಾಗಕ್ಕೆ ಪ್ರತಿವರ್ಷ ನೋಂದಣಿ ನವೀಕರಣದ ಪತ್ರವಾದ ಆರ್‌ಆರ್‌ಎಫ್-1. ಮೂರನೆಯದನ್ನು ಮರೆಯುವವರು ಹೆಚ್ಚು. ಅದು ತಪ್ಪಿದರೆ ಆ ಕಚೇರಿಯ ಜಾಲತಾಣದಲ್ಲಿ ನಿಮ್ಮ ಸಂಸ್ಥೆಯ ಹೆಸರಿನ ಮುಂದೆ ‘ಡೆಲಿಂಕ್ವೆಂಟ್’ (ಬಾಕಿ ಉಳಿಸಿಕೊಂಡದ್ದು) ಎಂದು ಕಾಣುತ್ತದೆ. ಆ ಸ್ಥಿತಿಯಲ್ಲಿ ದೇಣಿಗೆ ಕೇಳುವುದಕ್ಕೂ ಇಲ್ಲ, ಹಣ ಹಂಚುವುದಕ್ಕೂ ಇಲ್ಲ. ಪ್ರತಿಷ್ಠಾನದ ಸಿಬ್ಬಂದಿ ಅರ್ಜಿ ಓದುವ ಮೊದಲು ನೋಡುವುದೇ ಈ ಪುಟವನ್ನು.

ಒಕ್ಕೂಟ ಸರ್ಕಾರದ ಹಣ ಬೇಕಾದರೆ ಸ್ಯಾಮ್ ಡಾಟ್ ಗವ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಕಡ್ಡಾಯ. 2022ರ ಏಪ್ರಿಲ್‌ನಿಂದ ಹಳೆಯ ಡನ್ಸ್ ಸಂಖ್ಯೆಯ ಜಾಗದಲ್ಲಿ ಅಲ್ಲೇ ಕೊಡುವ 12 ಅಕ್ಷರಗಳ ಯುಇಐ ಎಂಬ ಗುರುತಿನ ಸಂಖ್ಯೆ ಬಂದಿದೆ. ನೋಂದಣಿ ಉಚಿತ; ದುಡ್ಡು ಕೇಳುವ ಇಮೇಲ್ ಬಂದರೆ ಅದು ಸರ್ಕಾರದ್ದಲ್ಲ. ಇಲ್ಲಿ ಅಡ್ಡಗಾಲಾಗುವುದು ವಿಳಾಸ. ರಾಜ್ಯದ ನೋಂದಣಿ ಪತ್ರದಲ್ಲಿ ‘ಸ್ಟ್ರೀಟ್’ ಎಂದಿದ್ದು, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸೂಟ್ ನಂಬರ್ ಬೇರೆ ಇದ್ದು, ಸ್ಪ್ಯಾನಿಷ್ ಹೆಸರಿನ ಮೇಲಿನ ಉಚ್ಚಾರ ಚಿಹ್ನೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದೆ ಹೋದರೆ ಸಂಸ್ಥೆಯ ಗುರುತು ತಾಳೆಯಾಗದೆ ಕಡತ ವಾರಗಟ್ಟಲೆ ನಿಲ್ಲುತ್ತದೆ. ‘ಆಸೊಸಿಯಾಸಿಯೊನ್’ ಎಂಬಂಥ ಸ್ಪ್ಯಾನಿಷ್ ಹೆಸರಿಟ್ಟುಕೊಂಡ ಸಂಸ್ಥೆಗಳಲ್ಲಿ ಇದು ಪದೇ ಪದೇ ಆಗುವ ತೊಂದರೆ. ಎಲ್ಲ ದಾಖಲೆಗಳಲ್ಲೂ ಒಂದೇ ಕಾಗುಣಿತ ಮಾಡಿಸಿ, ಆಮೇಲೆ ನೋಂದಣಿಗೆ ಹೋಗಿ.

ಈ ನೋಂದಣಿಯ ಆಯಸ್ಸು 365 ದಿನ. ಅದರೊಳಗೆ ‘ಇ-ಬಿಸಿನೆಸ್ ಸಂಪರ್ಕ ವ್ಯಕ್ತಿ’ ಅಂತ ಒಬ್ಬರ ಹೆಸರಿರುತ್ತದೆ. ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಅರ್ಜಿ ಸಲ್ಲಿಸುವ ಅಧಿಕಾರವನ್ನು ಯಾರಿಗೇ ಕೊಡಬೇಕಾದರೂ ಅವರೇ ಲಾಗಿನ್ ಆಗಿ ಕೊಡಬೇಕು. ಆ ವ್ಯಕ್ತಿ ಕೆಲಸ ಬಿಟ್ಟು ಹೋಗಿ, ನಿರ್ವಾಹಕರ ಖಾತೆ ಯಾರ ಕೈಯಲ್ಲೂ ಇಲ್ಲದಂತಾದರೆ ನೋಟರಿ ಮಾಡಿಸಿದ ಪತ್ರ ಕಳಿಸಿ ಹೆಸರು ಬದಲಿಸಬೇಕು. ಕೊನೆಯ ವಾರದಲ್ಲಿ ಅದಾಗುವ ಕೆಲಸವಲ್ಲ. ಇನ್ನೊಂದು: ಗಡುವು ‘ರಾತ್ರಿ 11:59’ ಎಂದರೆ ಸಾಮಾನ್ಯವಾಗಿ ಪೂರ್ವ ಕರಾವಳಿಯ ಸಮಯ, ಕ್ಯಾಲಿಫೋರ್ನಿಯಾದಲ್ಲಿ ಅದು 8:59. ಸಲ್ಲಿಸಿದ ಮೇಲೂ ತಾಂತ್ರಿಕ ಪರಿಶೀಲನೆಗೆ 48 ಗಂಟೆ ಹಿಡಿಯಬಹುದು, ತಪ್ಪಿದ್ದರೆ ವಾಪಸ್ ಬರುತ್ತದೆ. ಆದ್ದರಿಂದ ಗಡುವಿಗೆ ಮೂರು ದಿನ ಮೊದಲೇ ಸಲ್ಲಿಸುವುದನ್ನು ಸಂಸ್ಥೆಯ ನಿಯಮವಾಗಿಯೇ ಮಾಡಿಕೊಳ್ಳಿ.

ಇಷ್ಟೆಲ್ಲ ಹೊರಲು ಶಕ್ತಿ ಇಲ್ಲದ ಹೊಸ ಗುಂಪುಗಳಿಗೆ ‘ಫಿಸ್ಕಲ್ ಸ್ಪಾನ್ಸರ್’ ಎಂಬ ದಾರಿ ಇದೆ. ಈಗಾಗಲೇ ಮಾನ್ಯತೆ ಇರುವ ದೊಡ್ಡ ಸಂಸ್ಥೆ ನಿಮ್ಮ ಪರವಾಗಿ ಹಣ ಪಡೆದು, ಲೆಕ್ಕ ನೋಡಿಕೊಂಡು, ಬಂದ ಹಣದಲ್ಲಿ ಸಾಮಾನ್ಯವಾಗಿ ಶೇ. 5ರಿಂದ 15ರಷ್ಟು ಇಟ್ಟುಕೊಳ್ಳುತ್ತದೆ. ಶೇಕಡಾವಾರು ಎಷ್ಟೆಂದು ಚೌಕಾಸಿ ಮಾಡುವುದಕ್ಕಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ. ಬಿಲ್ ಕೊಟ್ಟ ಮೇಲೆ ಎಷ್ಟು ದಿನಕ್ಕೆ ಹಣ ಬಿಡುಗಡೆ ಮಾಡುತ್ತೀರಿ? ನಾವು ಬೇರೆಯಾಗುವ ದಿನ ಉಳಿದ ಹಣ, ದಾನಿಗಳ ಪಟ್ಟಿ, ಕಾರ್ಯಕ್ರಮದ ಹೆಸರು ಯಾರ ಪಾಲು? ಎರಡಕ್ಕೂ ಉತ್ತರ ಒಪ್ಪಂದದಲ್ಲಿ ಬರಹದಲ್ಲಿರಲಿ.

ಹಣ ಎಲ್ಲಿದೆ

ದೊಡ್ಡ ಹೆಸರುಗಳ ಬೆನ್ನು ಹತ್ತುವ ಮೊದಲು ಸುತ್ತಮುತ್ತ ನೋಡಿ. ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ ತಮ್ಮ ಪ್ರದೇಶದ ಆರೋಗ್ಯ ಅಗತ್ಯಗಳ ಸಮೀಕ್ಷೆ ಮಾಡಿ ಪ್ರಕಟಿಸಬೇಕು. ಆ ವರದಿಯಲ್ಲಿ ಮಧುಮೇಹ, ಮಾನಸಿಕ ಆರೋಗ್ಯ, ಆಹಾರ ಕೊರತೆ ಹೀಗೆ ಆದ್ಯತೆಗಳ ಪಟ್ಟಿ ಇರುತ್ತದೆ. ನಿಮ್ಮ ಕಾರ್ಯಕ್ರಮ ಅದರಲ್ಲಿ ಯಾವುದಕ್ಕೆ ಹೊಂದುತ್ತದೆ ಎಂದು ಪುಟ ಸಂಖ್ಯೆ ಸಮೇತ ಬರೆದರೆ ಅರ್ಜಿಯ ಅರ್ಧ ವಾದ ಅಲ್ಲೇ ಮುಗಿಯಿತು. ಬ್ಯಾಂಕುಗಳ ವಿಷಯವೂ ಹಾಗೆಯೇ: 1977ರ ಕಮ್ಯುನಿಟಿ ರೀಇನ್ವೆಸ್ಟ್‌ಮೆಂಟ್ ಕಾಯ್ದೆಯಂತೆ ಕಡಿಮೆ ಆದಾಯದ ಪ್ರದೇಶಗಳಿಗೆ ಅವು ಏನು ಮಾಡಿದವು ಎಂಬುದರ ಪರೀಕ್ಷೆ ನಡೆಯುತ್ತದೆ. ಹಣಕಾಸು ತಿಳಿವಳಿಕೆ, ಸಣ್ಣ ವ್ಯಾಪಾರ, ವಸತಿ ಕೆಲಸ ಮಾಡುವವರಿಗೆ ಅವು ಕೊಡುವ ಅನುದಾನ ಸಣ್ಣದಾದರೂ ಉತ್ತರ ಬೇಗ ಬರುತ್ತದೆ.

ನಗರಸಭೆಗಳ ಕೈಯಲ್ಲಿ ಸಿಡಿಬಿಜಿ ಎಂಬ ಒಕ್ಕೂಟದ ನಿಧಿ ಇರುತ್ತದೆ. 1974ರಿಂದ ನಡೆದುಬಂದ ಯೋಜನೆ. ಇದರ ಕನಿಷ್ಠ ಶೇ. 70 ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ತಲುಪಬೇಕು, ಸಾರ್ವಜನಿಕ ಸೇವೆಗಳಿಗೆ ಶೇ. 15ರ ಮಿತಿ. ನಮಗೆ ಸಿಗುವುದು ಆ ಮಿತಿಯೊಳಗಿನ ಹಣ, ಹಾಗಾಗಿ ಸ್ಪರ್ಧೆ ಹೆಚ್ಚು. ಇದರ ಆದ್ಯತೆಗಳು ನಿರ್ಧಾರವಾಗುವುದು ಸಾರ್ವಜನಿಕ ವಿಚಾರಣೆಗಳಲ್ಲಿ. ಅರ್ಜಿ ಕರೆಯುವ ಹೊತ್ತಿಗೆ ಮಾತು ಮುಗಿದಿರುತ್ತದೆ, ವಿಚಾರಣೆಗೇ ಹೋಗಬೇಕು.

ಲ್ಯಾಟಿನೊ ಸಂಸ್ಥೆಗಳಿಗೆಂದೇ ಇರುವ ನಿಧಿಗಳಲ್ಲಿ ಹಿಸ್ಪ್ಯಾನಿಕ್ಸ್ ಇನ್ ಫಿಲಾಂತ್ರಪಿ 1983ರಿಂದ ಇದೆ. ಕ್ಯಾಲಿಫೋರ್ನಿಯಾದಲ್ಲಿ ಲ್ಯಾಟಿನೊ ಕಮ್ಯುನಿಟಿ ಫೌಂಡೇಶನ್, ಕಲಾ ಸಂಸ್ಥೆಗಳಿಗೆ ಸ್ಯಾನ್ ಆಂಟೋನಿಯೊದ ನಲಾಕ್, ಪೂರ್ವದಲ್ಲಿ ನ್ಯೂಯಾರ್ಕಿನ ಹಿಸ್ಪ್ಯಾನಿಕ್ ಫೆಡರೇಶನ್. ಲ್ಯಾಟಿನೊ ಕಮ್ಯುನಿಟಿ ಫೌಂಡೇಶನ್ 2012ರಲ್ಲಿ ಶುರು ಮಾಡಿದ ‘ಗಿವಿಂಗ್ ಸರ್ಕಲ್’ ಜಾಲವನ್ನು ವಿಶೇಷವಾಗಿ ಗಮನಿಸಿ. ಒಂದೊಂದು ಊರಿನ ಲ್ಯಾಟಿನೊ ಸದಸ್ಯರು ತಮ್ಮದೇ ಹಣ ಒಟ್ಟುಗೂಡಿಸಿ, ಯಾರಿಗೆ ಕೊಡಬೇಕೆಂದು ತಾವೇ ಕೂತು ತೀರ್ಮಾನಿಸುತ್ತಾರೆ. ಮೊತ್ತ ದೊಡ್ಡದಿರಲಿಕ್ಕಿಲ್ಲ. ಆದರೆ ಮೊದಲ ಅನುದಾನ ಸಿಗುವುದು ಇಂಥ ಕಡೆಯೇ, ಎರಡನೆಯ ದಾನಿ ಕೇಳುವುದು ಮೊದಲ ದಾನಿ ಯಾರು ಎಂದೇ.

ಈಗ 990-ಪಿಎಫ್‌ಗೆ ಬರೋಣ. ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಯಾವ ಪ್ರತಿಷ್ಠಾನದ ಪತ್ರವನ್ನಾದರೂ ಉಚಿತವಾಗಿ ತೆರೆದು ನೋಡಬಹುದು. ಅನುದಾನಗಳ ಪಟ್ಟಿಗೆ ಹೋಗಿ ಮೂರು ವರ್ಷದ್ದನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಿ. ನಿಮ್ಮ ಜಿಲ್ಲೆಗೆ ಕೊಟ್ಟಿದ್ದಾರಾ? ನಿಮ್ಮ ಗಾತ್ರದ ಸಂಸ್ಥೆಗೆ ಕೊಟ್ಟಿದ್ದಾರಾ? ಮಧ್ಯಮ ಮೊತ್ತ, ಅಂದರೆ ಅನುದಾನಗಳನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಮೊತ್ತ, ಎಷ್ಟು? ಮೂರು ವರ್ಷವೂ ಅದೇ ಇಪ್ಪತ್ತು ಸಂಸ್ಥೆಗಳ ಹೆಸರಿದ್ದರೆ ಹೊಸಬರಿಗೆ ಬಾಗಿಲಿಲ್ಲ ಎಂದರ್ಥ, ಸಮಯ ವ್ಯರ್ಥ ಮಾಡಬೇಡಿ. ಮಧ್ಯಮ ಮೊತ್ತ 15,000 ಇರುವ ಕಡೆ 75,000 ಕೇಳಿದರೆ ಓದಿ ನೋಡಿಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಡೇಟಾ ಕೆಲಸ ಬಲ್ಲ ಸ್ವಯಂಸೇವಕರು ಎರಡು ಸಂಜೆ ಕೂತರೆ ಸಂಸ್ಥೆಯ ಒಂದು ವರ್ಷದ ಅಲೆದಾಟ ತಪ್ಪುತ್ತದೆ.

ಅಗತ್ಯವನ್ನು ತೋರಿಸುವ ಬಗೆ

‘ನಮ್ಮ ಊರಿನಲ್ಲಿ ಲ್ಯಾಟಿನೊಗಳು ಬಹಳ ಕಷ್ಟದಲ್ಲಿದ್ದಾರೆ’ ಎಂಬ ಸಾಲಿಗೆ ಅಂಕ ಬರುವುದಿಲ್ಲ. ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆಯಲ್ಲಿ ಬೇಕಾದ್ದೆಲ್ಲ ಇದೆ. ಬಿ03001 ಕೋಷ್ಟಕದಲ್ಲಿ ಮೂಲ ದೇಶವಾರು ಸಂಖ್ಯೆ, ಬಿ16002ರಲ್ಲಿ ಇಂಗ್ಲಿಷ್ ಅಷ್ಟಾಗಿ ಬಾರದ ಮನೆಗಳು, ಬಿ17020ಐ ಕೋಷ್ಟಕದಲ್ಲಿ ಲ್ಯಾಟಿನೊ ಬಡತನ. ಕೊನೆಯಲ್ಲಿ ‘ಐ’ ಅಕ್ಷರ ಇರುವ ಕೋಷ್ಟಕಗಳೆಲ್ಲ ಹಿಸ್ಪ್ಯಾನಿಕ್ ಅಥವಾ ಲ್ಯಾಟಿನೊ ಜನರಿಗೆ ಸಂಬಂಧಿಸಿದವು. ಸಣ್ಣ ಪ್ರದೇಶಕ್ಕೆ ಐದು ವರ್ಷದ ಅಂದಾಜನ್ನೇ ಬಳಸಿ, ಪಕ್ಕದಲ್ಲಿರುವ ದೋಷದ ಅಂತರವನ್ನೂ ನೋಡಿ. 300 ಮನೆ, ಹೆಚ್ಚುಕಮ್ಮಿ 210 ಎಂದಿದ್ದರೆ ಆ ಅಂಕಿ ಏನನ್ನೂ ಹೇಳುವುದಿಲ್ಲ. ಅಕ್ಕಪಕ್ಕದ ಎರಡು ಮೂರು ಟ್ರ್ಯಾಕ್ಟ್ (ಜನಗಣತಿಯ ಸಣ್ಣ ಪ್ರದೇಶ) ಸೇರಿಸಿ ಲೆಕ್ಕ ಹಾಕಿ.

ಆದರೂ ಈ ಅಂಕಿಗಳಿಗೆ ಕಾಣದ ಜನರಿದ್ದಾರೆ. ಆಕ್ಸ್‌ನಾರ್ಡ್, ಸಲೀನಾಸ್, ಫ್ರೆಸ್ನೊ ಸುತ್ತಿನ ಹೊಲಗಳಲ್ಲಿ ಸ್ಟ್ರಾಬೆರಿ, ದ್ರಾಕ್ಷಿ ಕೊಯ್ಯುವವರಲ್ಲಿ ಮೆಕ್ಸಿಕೊದ ವಾಹಾಕಾ, ಗೆರೇರೊ ಪ್ರಾಂತ್ಯಗಳಿಂದ ಬಂದ ಮೂಲನಿವಾಸಿಗಳು ಅನೇಕರು. ಅವರ ಮನೆಮಾತು ಮಿಶ್ತೆಕೊ, ತ್ರೀಕಿ, ಸಪೊತೆಕೊ. ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಬರುವುದೇ ಇಲ್ಲ. ಮಿಶ್ತೆಕೊದಲ್ಲೇ ಒಂದು ಊರಿನ ಮಾತು ಇನ್ನೊಂದು ಊರಿಗೆ ಅರ್ಥವಾಗದಷ್ಟು ಭಿನ್ನತೆ ಇದೆ. ಸ್ಪ್ಯಾನಿಷ್ ಕರಪತ್ರ ಅಚ್ಚು ಹಾಕಿಸಿ ‘ಭಾಷಾ ಸೌಲಭ್ಯ ಒದಗಿಸಿದ್ದೇವೆ’ ಎಂದು ಬರೆದರೆ ಇವರಿಗೆ ಏನೂ ತಲುಪಲಿಲ್ಲ. ವೆಂಚುರಾ ಕೌಂಟಿಯ ಮಿಕಾಪ್ ಮತ್ತು ಫ್ರೆಸ್ನೊದ ಸೆಂತ್ರೊ ಬಿನಾಸಿಯೊನಾಲ್ ಸಂಸ್ಥೆಗಳು ಮೂಲನಿವಾಸಿ ಭಾಷೆಗಳ ಜನರಿಂದಲೇ ಕೆಲಸ ನಡೆಸುವುದು ಇದಕ್ಕಾಗಿಯೇ. ನಿಮ್ಮ ಅರ್ಜಿಯಲ್ಲಿ ಯಾವ ಭಾಷೆ, ಯಾವ ಊರಿನ ಭಾಷಾ ರೂಪ, ಬಾಯಿಮಾತೋ ಬರಹವೋ ಎಂಬುದು ಸ್ಪಷ್ಟವಾಗಿರಲಿ. ಆ ಭಾಷೆಗಳನ್ನು ಓದಬಲ್ಲವರು ಕಡಿಮೆ, ಆದ್ದರಿಂದ ಅಚ್ಚಿನ ಖರ್ಚು ಕಡಿತ ಮಾಡಿ ಆಡಿಯೊ ಧ್ವನಿಮುದ್ರಣಕ್ಕೂ ದುಭಾಷಿಗಳಿಗೂ ಹಣ ಇಡಿ.

ಇನ್ನೊಂದು ಸೂಕ್ಷ್ಮ: ಹಾಜರಿ ಹಾಳೆ. ಭಾನುವಾರ ಚರ್ಚ್ ಪೂಜೆ ಮುಗಿದ ಮೇಲೆ ಪಕ್ಕದ ಹಾಲ್‌ನಲ್ಲಿ ಮಧುಮೇಹದ ತಪಾಸಣೆ ಇಟ್ಟಿದ್ದೀರಿ. ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಹಾಳೆ. ಪೂರ್ತಿ ಹೆಸರು, ಮನೆ ವಿಳಾಸ, ಫೋನ್, ಸಹಿ ಎಂಬ ಕಾಲಂಗಳು. ವಲಸೆ ಅಧಿಕಾರಿಗಳ ಭಯ ಇರುವ ತಾಯಿ ಆ ಹಾಳೆ ನೋಡಿ ಮಗುವನ್ನು ಎತ್ತಿಕೊಂಡು ಹಾಗೇ ತಿರುಗಿ ಹೋಗುತ್ತಾಳೆ. ಹಿಂದಿನವರು ಬರೆದ ಹೆಸರು ಮುಂದಿನವರಿಗೆ ಕಾಣುವುದು ಇನ್ನೊಂದು ತಪ್ಪು. ಇದರ ಬದಲು ಒಬ್ಬರಿಗೊಂದು ಚೀಟಿ: ಕ್ರಮಸಂಖ್ಯೆ, ಜಿಪ್ ಕೋಡ್, ವಯಸ್ಸಿನ ಗುಂಪು, ಮನೆಯಲ್ಲಿ ಎಷ್ಟು ಜನ, ಆದಾಯ ಯಾವ ಶ್ರೇಣಿ. ಬಹಳಷ್ಟು ಅನುದಾನಗಳಿಗೆ ಇಷ್ಟು ಸಾಕು. ಆದಾಯಕ್ಕೆ ಸ್ವಯಂ ಘೋಷಣೆ ಸಾಕೇ, ದಾಖಲೆ ಬೇಕೇ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುಂಚೆಯೇ ಅನುದಾನದಾತರ ಬಳಿ ಇಮೇಲ್‌ನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಬೇಡದ ಮಾಹಿತಿಯನ್ನು ಕೇಳಲೇಬೇಡಿ. ನಮ್ಮ ಕಡತದಲ್ಲಿ ಇಲ್ಲದ್ದನ್ನು ಯಾರೂ ಕೇಳಿ ಪಡೆಯಲಾಗದು.

ಬಜೆಟ್

ಲ್ಯಾಟಿನೊ ಆರೋಗ್ಯ ಕಾರ್ಯಕ್ರಮಗಳ ಬೆನ್ನೆಲುಬು ಎಂದರೆ ‘ಪ್ರೊಮೊತೋರಾ’ಗಳು. ಅದೇ ಬೀದಿಯ, ಅದೇ ಭಾಷೆಯ ಹೆಂಗಸರು. ಮನೆಮನೆಗೆ ಹೋಗಿ ಆರೋಗ್ಯದ ತಿಳಿವಳಿಕೆ ಕೊಡುವವರು. ನಮ್ಮ ಆಶಾ ಕಾರ್ಯಕರ್ತೆಯರನ್ನು ನೆನೆಸಿಕೊಂಡರೆ ಚಿತ್ರ ಸಿಗುತ್ತದೆ. ಗೌರವಧನದ ಹೆಸರಿನಲ್ಲಿ ಕಡಿಮೆ ಕೊಡುವ ಚಾಳಿಯೂ ಎರಡೂ ಕಡೆ ಒಂದೇ.

ಸಾಮಾನ್ಯವಾಗಿ ಸಣ್ಣ ಸಂಸ್ಥೆ ಬರೆಯುವ ಬಜೆಟ್ ಹೀಗಿರುತ್ತದೆ: ಇಬ್ಬರು ಪ್ರೊಮೊತೋರಾಗಳಿಗೆ ತಿಂಗಳಿಗೆ ತಲಾ 1,000 ಡಾಲರ್ ಸ್ಟೈಪೆಂಡ್, ವರ್ಷಕ್ಕೆ 24,000, ನಿರ್ವಾಹಕರು ಉಚಿತ, ಆಡಳಿತಕ್ಕೆ ಶೇ. 5, ಎಲ್ಲ ಸೇರಿ 45,000ದೊಳಗೆ. ಕಡಿಮೆ ಕೇಳಿದರೆ ಸಿಗುತ್ತದೆ ಎಂಬ ನಂಬಿಕೆ. ಆದರೆ ಅನುಭವಿ ವಿಮರ್ಶಕರು ಇದನ್ನು ನೋಡಿದ ಕೂಡಲೇ ಕೇಳುವುದು, 600 ಮನೆಗಳಿಗೆ ಈ ದುಡ್ಡಿನಲ್ಲಿ ಹೋಗುವವರು ಯಾರು ಎಂದು. ನಿಗದಿತ ವೇಳೆಗೆ, ನೀವು ಹೇಳಿದಂತೆ ಕೆಲಸ ಮಾಡುವವರನ್ನು ಸ್ಟೈಪೆಂಡ್ ಅಥವಾ 1099 ಗುತ್ತಿಗೆ (ನೌಕರರಲ್ಲದ ಸ್ವತಂತ್ರ ಗುತ್ತಿಗೆದಾರರು) ಎಂದು ತೋರಿಸುವುದು ಕ್ಯಾಲಿಫೋರ್ನಿಯಾದ ಎಬಿ 5 ಕಾನೂನಿನ ಪ್ರಕಾರ ಅಪಾಯ ಕೂಡ. ಹಿಂಬಾಕಿ ತೆರಿಗೆ, ದಂಡ ಎರಡೂ ಬೀಳುತ್ತವೆ.

ಅದೇ ಕೆಲಸದ ನಿಜವಾದ ಖರ್ಚು ಎಷ್ಟು, ಒಂದು ಮಾದರಿ ಲೆಕ್ಕ ಹಾಕೋಣ. ಇಬ್ಬರು ಪ್ರೊಮೊತೋರಾಗಳು, ಗಂಟೆಗೆ 22 ಡಾಲರ್, ವರ್ಷಕ್ಕೆ 2,080 ಗಂಟೆ: 91,520. ಕಾರ್ಯಕ್ರಮ ನಿರ್ವಾಹಕರ ಸಂಬಳ 68,000 ಎಂದಿಟ್ಟುಕೊಂಡರೆ ಅವರ ಸಮಯದ ಶೇ. 40 ಇದಕ್ಕೆ: 27,200. ಎರಡರ ಮೇಲೂ ಶೇ. 22 ಸೌಲಭ್ಯ ವೆಚ್ಚ; ಇದರಲ್ಲಿ ಶೇ. 7.65 ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗೇ ಹೋಗುತ್ತದೆ, ಉಳಿದದ್ದು ನಿರುದ್ಯೋಗ ವಿಮೆ, ಅಪಘಾತ ವಿಮೆ, ಆರೋಗ್ಯ ವಿಮೆಗೆ: 26,118. ಓಡಾಟ ತಿಂಗಳಿಗೆ 400 ಮೈಲಿ, 2025ರ ಐಆರ್‌ಎಸ್ ದರ ಮೈಲಿಗೆ 70 ಸೆಂಟ್: 3,360. ಸಾಮಗ್ರಿ 4,000. ಮಿಶ್ತೆಕೊ ದುಭಾಷಿ 120 ಗಂಟೆ, ಗಂಟೆಗೆ 60 ಡಾಲರ್: 7,200. ತರಗತಿಗೆ ಬರುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು, ಅವರ ಓಡಾಟಕ್ಕೆ 5,000. ನೇರ ವೆಚ್ಚ ಒಟ್ಟು 1,64,398 ಡಾಲರ್.

ಇದರ ಮೇಲೆ ಪರೋಕ್ಷ ವೆಚ್ಚ: ಲೆಕ್ಕಪತ್ರ, ಬೋರ್ಡ್ ವಿಮೆ, ಕಂಪ್ಯೂಟರ್, ಸಂಬಳ ಪಾವತಿಯ ವ್ಯವಸ್ಥೆ. ಒಕ್ಕೂಟ ಸರ್ಕಾರದ ಏಕರೂಪ ನಿಯಮಾವಳಿ, ಅಂದರೆ 2 ಸಿಎಫ್‌ಆರ್ 200, ಸರ್ಕಾರದೊಂದಿಗೆ ಸಂಧಾನ ಮಾಡಿಕೊಂಡ ಪರೋಕ್ಷ ವೆಚ್ಚದ ದರ ಇಲ್ಲದ ಸಂಸ್ಥೆಗಳಿಗೂ ಒಂದು ಕನಿಷ್ಠ ದರ ಕೊಡುತ್ತದೆ. 2024ರ ಅಕ್ಟೋಬರ್ 1ರಿಂದ ಅದು ಶೇ. 10ರಿಂದ 15ಕ್ಕೆ ಏರಿದೆ. ಆದರೆ ಅದನ್ನು ಒಟ್ಟು ಮೊತ್ತದ ಮೇಲೆ ಹಾಕುವಂತಿಲ್ಲ. ಯಂತ್ರೋಪಕರಣ, ಬಾಡಿಗೆ, ಭಾಗಿಗಳ ನೆರವಿನ ವೆಚ್ಚ, ಪ್ರತಿ ಉಪ-ಅನುದಾನದಲ್ಲಿ 50,000 ಮೀರಿದ ಭಾಗ ಇವನ್ನೆಲ್ಲ ಕಳೆಯಬೇಕು. ನಮ್ಮ ಲೆಕ್ಕದಲ್ಲಿ ತಾಯಂದಿರಿಗಿಟ್ಟ 5,000 ಕಳೆದರೆ ಉಳಿಯುವುದು 1,59,398, ಅದರ ಶೇ. 15 ಎಂದರೆ 23,910. ಒಟ್ಟು ಕೇಳಬೇಕಾದದ್ದು 1,88,308 ಡಾಲರ್.

45,000ಕ್ಕೂ 1,88,308ಕ್ಕೂ ಇರುವ ಅಂತರವನ್ನು ಇಷ್ಟು ದಿನ ತುಂಬುತ್ತಿದ್ದವರು ಆ ಹೆಂಗಸರೇ. ಅಷ್ಟು ದೊಡ್ಡ ಮೊತ್ತ ಕೊಡುವ ದಾನಿ ಸಿಗದಿದ್ದರೆ ಮನೆಗಳ ಸಂಖ್ಯೆಯನ್ನು 600ರಿಂದ 150ಕ್ಕೆ ಇಳಿಸಿ, ಕೂಲಿಯನ್ನು ಇಳಿಸಬೇಡಿ. ಖಾಸಗಿ ಪ್ರತಿಷ್ಠಾನಗಳ ಬಳಿಯೂ ಪರೋಕ್ಷ ವೆಚ್ಚ ಕೇಳಲು ಹಿಂಜರಿಯುವುದು ಬೇಡ; ಫೋರ್ಡ್ ಪ್ರತಿಷ್ಠಾನವೇ 2023ರಿಂದ ಯೋಜನಾ ಅನುದಾನಗಳಲ್ಲಿ ಇದನ್ನು ಕನಿಷ್ಠ ಶೇ. 25ಕ್ಕೆ ಏರಿಸಿದೆ.

ಟೈಮ್‌ಶೀಟ್ ಬಗ್ಗೆ ಒಂದು ಮಾತು. ಬಜೆಟ್‌ನಲ್ಲಿ ನಿರ್ವಾಹಕರ ಸಮಯ ಶೇ. 40 ಎಂದಿದೆ ಅಂತ ಹನ್ನೆರಡು ತಿಂಗಳೂ ಟೈಮ್‌ಶೀಟಿನಲ್ಲಿ 40 ಎಂದೇ ತುಂಬಿದರೆ ಆಡಿಟರ್ ಆ ಖರ್ಚನ್ನು ಒಪ್ಪುವುದಿಲ್ಲ. ಬರೆಯಬೇಕಾದದ್ದು ಬಜೆಟ್ ಅಲ್ಲ, ನಿಜವಾಗಿ ದುಡಿದ ಗಂಟೆ. ಒಂದು ತಿಂಗಳು 28, ಇನ್ನೊಂದು ತಿಂಗಳು 55 ಬಂದರೂ ಚಿಂತೆಯಿಲ್ಲ.

ಯಾರಿಗೆ ಸೇವೆ ಎಂಬ ಪ್ರಶ್ನೆ, ಈಗಿನ ಕಾನೂನು

1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯದಂತೆ, ಒಕ್ಕೂಟದ ಹಣ ಪಡೆಯುವವರು ಜನಾಂಗ, ಬಣ್ಣ, ಮೂಲದೇಶದ ಮೇಲೆ ಭೇದ ಮಾಡುವಂತಿಲ್ಲ. ‘ಲ್ಯಾಟಿನೊಗಳಿಗೆ ಮಾತ್ರ’ ಎಂದು ಬರೆದರೆ ತೊಂದರೆ ಖಚಿತ. ಖಾಸಗಿ ಹಣದಲ್ಲೂ ಈಗ ಎಚ್ಚರ ಬೇಕು: ಕಪ್ಪು ಮಹಿಳೆಯರ ಉದ್ಯಮಗಳಿಗೆ ಮಾತ್ರ 20,000 ಡಾಲರ್ ಕೊಡುತ್ತಿದ್ದ ಫಿಯರ್‌ಲೆಸ್ ಫಂಡ್ ವಿರುದ್ಧ 2024ರ ಜೂನ್‌ನಲ್ಲಿ ಹನ್ನೊಂದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ರಾಜಿಯಾಗಿ ಆ ಸ್ಪರ್ಧೆಯೇ ನಿಂತಿತು. ಹಾಗೆಂದು ಅರ್ಜಿಯಿಂದ ಲ್ಯಾಟಿನೊ ಪದವನ್ನೇ ಅಳಿಸಿಹಾಕುವ ಭಯ ನಮಗೆ ಸರಿ ಅನ್ನಿಸುವುದಿಲ್ಲ. ಸೇವೆ ಎಲ್ಲರಿಗೂ ಮುಕ್ತ ಎಂದು ಬರೆಯಿರಿ. ಯಾವ ಜಿಪ್ ಕೋಡ್, ಯಾವ ಆದಾಯ, ಯಾವ ಭಾಷೆ, ಯಾವ ಉದ್ಯೋಗ ಎಂಬುದರ ಮೇಲೆ ಗುರಿ ಇಡಿ. ಸ್ಟ್ರಾಬೆರಿ ಹೊಲದ ಕೂಲಿಗಳಿಗೆ, ಬೆಳಗಿನ ಕೆಲಸ ಮುಗಿದ ಮೇಲೆ, ಮಿಶ್ತೆಕೊ ಮತ್ತು ಸ್ಪ್ಯಾನಿಷ್‌ನಲ್ಲಿ ನಡೆಯುವ ತರಗತಿಗೆ ಯಾರು ಬರುತ್ತಾರೆ ಎಂಬುದು ಗೊತ್ತಿರುವ ವಿಷಯ. ಸಮುದಾಯದ ಸ್ಥಿತಿಯನ್ನು ಅಂಕಿಗಳಲ್ಲಿ ವಿವರಿಸುವುದಕ್ಕೆ ಅಡ್ಡಿಯಿಲ್ಲ. ಪ್ರವೇಶಕ್ಕೆ ಜನಾಂಗದ ಷರತ್ತು ಹಾಕುವುದಷ್ಟೇ ತಪ್ಪು.

2025ರ ಜನವರಿ 27ರಂದು ಶ್ವೇತಭವನದ ಬಜೆಟ್ ಕಚೇರಿ ಒಕ್ಕೂಟದ ಅನುದಾನಗಳಿಗೆ ಒಮ್ಮೆಲೇ ತಡೆ ಹಾಕಿ ಸುತ್ತೋಲೆ ಹೊರಡಿಸಿತು. ನ್ಯಾಷನಲ್ ಕೌನ್ಸಿಲ್ ಆಫ್ ನಾನ್‌ಪ್ರಾಫಿಟ್ಸ್ ಮತ್ತಿತರರು ನ್ಯಾಯಾಲಯಕ್ಕೆ ಹೋದರು, ಎರಡೇ ದಿನದಲ್ಲಿ ಸುತ್ತೋಲೆ ವಾಪಸಾಯಿತು. ಮಾರ್ಚ್ 1ರ ಅಧ್ಯಕ್ಷರ ಆದೇಶ ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಘೋಷಿಸಿ, ಇಂಗ್ಲಿಷ್ ಬಾರದವರಿಗೆ ಭಾಷಾ ನೆರವಿನ 2000ದ ಆದೇಶವನ್ನು ರದ್ದು ಮಾಡಿತು. ದುಭಾಷಿಗಳಿಗೆ ಹಣ ಇಡುವುದನ್ನು ಅದು ನಿಷೇಧಿಸಿಲ್ಲ. ವಲಸೆ ಸ್ಥಿತಿಯ ವಿಷಯದಲ್ಲಿ, 1996ರ ಕಲ್ಯಾಣ ಕಾಯ್ದೆಯೊಳಗೆ ಲಾಭರಹಿತ ದತ್ತಿ ಸಂಸ್ಥೆಗಳು ಫಲಾನುಭವಿಗಳ ಸ್ಥಿತಿಯನ್ನು ಪರಿಶೀಲಿಸಬೇಕಾಗಿಲ್ಲ ಎಂಬ ವಿನಾಯಿತಿ ಇದೆ. ಆದರೆ ಅನುದಾನ ಒಪ್ಪಂದಗಳ ಷರತ್ತುಗಳು ಈಗ ಬದಲಾಗುತ್ತಲೇ ಇರುವುದರಿಂದ ಪ್ರತಿ ಒಪ್ಪಂದವನ್ನೂ ಸಹಿಗೆ ಮುಂಚೆ ವಕೀಲರಿಂದ ಓದಿಸಿ. ಒಟ್ಟು ಆದಾಯದಲ್ಲಿ ಒಕ್ಕೂಟದ ಹಣ ಮೂರರಲ್ಲೊಂದು ಭಾಗ ಮೀರದ ಹಾಗೆ ನೋಡಿಕೊಳ್ಳುವುದು ಕ್ಷೇಮ.

ಹಣ ಮಂಜೂರಾದ ಮೇಲೆ

ಸರ್ಕಾರಿ ಅನುದಾನಗಳಲ್ಲಿ ಹೆಚ್ಚಿನವು ಮೊದಲು ಖರ್ಚು ಮಾಡಿ ಆಮೇಲೆ ಬಿಲ್ ಕೊಟ್ಟು ಪಡೆಯುವಂಥವು. ವರ್ಷಕ್ಕೆ 60,000 ಮಂಜೂರಾಗಿದೆ ಎಂದರೆ ತಿಂಗಳ ಖರ್ಚು 5,000. ಜುಲೈ ಖರ್ಚಿಗೆ ಆಗಸ್ಟ್ ಮಧ್ಯದಲ್ಲಿ ಬಿಲ್, ನಗರಸಭೆಯ ಚೆಕ್ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ 15,000ದಿಂದ 20,000 ಡಾಲರ್ ಕೈಯಿಂದ ಹೋಗಿರುತ್ತದೆ. ಅನುದಾನ ಗೆದ್ದ ಸಂಸ್ಥೆ ಸಂಬಳ ಕೊಡಲಾಗದೆ ಮುಳುಗುವುದು ಹೀಗೆ. ಬೋರ್ಡ್ ಸದಸ್ಯರು ಅರ್ಜಿ ಹಾಕುವ ಮೊದಲೇ ಹನ್ನೆರಡು ತಿಂಗಳ ನಗದು ಹರಿವಿನ ಪಟ್ಟಿ ಮಾಡಿಸಬೇಕು. ಮುಂಗಡ ಕೊಡುತ್ತೀರಾ ಎಂದು ಒಪ್ಪಂದದ ಹಂತದಲ್ಲೇ ಕೇಳಬೇಕು. ಬ್ಯಾಂಕಿನ ಸಾಲದ ಮಿತಿಯನ್ನು ಅಗತ್ಯ ಬೀಳುವ ಮುಂಚೆಯೇ ಮಂಜೂರು ಮಾಡಿಸಿಕೊಂಡಿರಬೇಕು. ಖಾತೆ ಖಾಲಿಯಾದ ಮೇಲೆ ಹೋದರೆ ಬ್ಯಾಂಕು ಕೊಡುವುದಿಲ್ಲ. ಕಂಪನಿಗಳಲ್ಲಿ ಕೆಲಸ ಮಾಡುವ ನೀವು ಕೊಟ್ಟ ದೇಣಿಗೆಗೆ, ದುಡಿದ ಸ್ವಯಂಸೇವೆಯ ಗಂಟೆಗೆ ನಿಮ್ಮ ಕಂಪನಿ ಸರಿಸಮ ಹಣ ಕೊಡುವುದಾದರೆ ಅದನ್ನು ತಪ್ಪದೆ ದಾಖಲಿಸಿ. ಷರತ್ತಿಲ್ಲದ ಆ ಹಣವೇ ಈ ಮೂರು ತಿಂಗಳ ಅಂತರ ತುಂಬುವುದು.

ಒಂದು ವರ್ಷದಲ್ಲಿ ಒಕ್ಕೂಟದ ಹಣ 10 ಲಕ್ಷ ಡಾಲರ್ ಖರ್ಚಾದರೆ ‘ಸಿಂಗಲ್ ಆಡಿಟ್’ (ಒಕ್ಕೂಟದ ಎಲ್ಲ ಹಣಕ್ಕೂ ಒಟ್ಟಾಗಿ ನಡೆಯುವ ಲೆಕ್ಕ ತಪಾಸಣೆ) ಕಡ್ಡಾಯ. 2024ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಶುರುವಾದ ಲೆಕ್ಕವರ್ಷಗಳಿಗೆ ಈ ಮಿತಿ, ಅದಕ್ಕೂ ಹಿಂದೆ 7.5 ಲಕ್ಷ ಇತ್ತು. ಕ್ಯಾಲಿಫೋರ್ನಿಯಾದ ಪ್ರತ್ಯೇಕ ನಿಯಮದಂತೆ ಸರ್ಕಾರಿ ಅನುದಾನ ಬಿಟ್ಟು ಆದಾಯ 20 ಲಕ್ಷ ಡಾಲರ್ ಮುಟ್ಟಿದರೆ ಆಡಿಟ್ ಆಗಲೇಬೇಕು.

ವರದಿಯಲ್ಲಿ ಗುರಿ ತಪ್ಪಿದ್ದನ್ನು ಮುಚ್ಚಿಡಬೇಡಿ. 150 ಮನೆ ಎಂದು ಬರೆದು 112 ತಲುಪಿದ್ದರೆ 112 ಎಂದೇ ಬರೆದು, ಏಕೆಂದು ವಿವರಿಸಿ: ಕೊಯ್ಲು ಎರಡು ವಾರ ಬೇಗ ಬಂತು, ಸಂಜೆಯ ತರಗತಿಗೆ ಜನ ಬರಲಿಲ್ಲ, ಸೆಪ್ಟೆಂಬರ್‌ನಿಂದ ಭಾನುವಾರಕ್ಕೆ ಬದಲಿಸಿದೆವು. ವರ್ಷದ ಮಧ್ಯದಲ್ಲೇ ಇದು ಗೊತ್ತಾದರೆ ಬಜೆಟ್ ತಿದ್ದುಪಡಿ ಕೇಳಿ. ದುಡ್ಡು ಉಳಿಸಿಕೊಂಡು ಕೊನೆಯ ತಿಂಗಳಲ್ಲಿ ಲ್ಯಾಪ್‌ಟಾಪ್ ಕೊಂಡವರಿಗೆ ಮುಂದಿನ ವರ್ಷ ಅನುದಾನ ಸಿಗುವುದು ಕಷ್ಟ. ಒಕ್ಕೂಟದ ಅನುದಾನ ನೇರವಾಗಿ ಪಡೆದವರು ಅವಧಿ ಮುಗಿದ 120 ದಿನದೊಳಗೆ, ಬೇರೆ ಸಂಸ್ಥೆಯ ಮೂಲಕ ಪಡೆದವರು 90 ದಿನದೊಳಗೆ ಅಂತಿಮ ವರದಿ ಕೊಡಬೇಕು. ಅಂತಿಮ ಹಣಕಾಸು ವರದಿ ಕೊಟ್ಟ ದಿನದಿಂದ ಮೂರು ವರ್ಷ ಎಲ್ಲ ರಸೀದಿ, ಟೈಮ್‌ಶೀಟ್, ಒಪ್ಪಂದ ಇಟ್ಟಿರಬೇಕು. ಅವು ಖಜಾಂಚಿಯ ಸ್ವಂತ ಲ್ಯಾಪ್‌ಟಾಪಿನಲ್ಲಿ ಇರಬಾರದು. ಸಂಸ್ಥೆಯ ಹೆಸರಿನ ಖಾತೆಯಲ್ಲಿ, ಕನಿಷ್ಠ ಇಬ್ಬರ ಬಳಿ ಪಾಸ್‌ವರ್ಡ್ ಇರುವಂತೆ ಇಡಿ.